ಗೋಡೆ ಅಳೆದ ವರ್ಷ

ಹೊಸ ಡಿಸ್ಟೆಂಪರಿನ ವಾಸನೆ ಇವತ್ತಿಗೂ ನನಗೆ ಆಗಿಬರುವುದಿಲ್ಲ. ಧಾರವಾಡದ ಮಾಳಮಡ್ಡಿಯ ನಮ್ಮ ಓಣಿಯಲ್ಲಿ ದಸರೆ ಹತ್ತಿರ ಬಂತೆಂದರೆ ಯಾರಾದರೊಬ್ಬರು ಮನೆಗೆ ಬಣ್ಣ ಹಚ್ಚಿಸುತ್ತಲೇ ಇರುತ್ತಾರೆ. ನಾನು ಕಿಟಕಿ ಹಾಕಿಕೊಂಡು ಒಳಗೆ ಕೂಡುತ್ತೇನೆ. "ಎಲ್ಲಾರೂ ಬಣ್ಣ ಹಚ್ಚಿಸಿ ಖುಷಿ ಪಡ್ತಾರ, ನೀವ್ಯಾಕ್ರಿ ಹಿಂಗ ಮಾರಿ ಗಂಟ ಹಾಕ್ಕೋತೀರಿ?" ಎಂದು ಪಕ್ಕದ ಮನೆಯಾಕೆ ಚೇಷ್ಟೆ ಮಾಡುತ್ತಾಳೆ. ಹೌದವಾ, ನನ್ನ ಮಾರಿಯೇ ಹಂಗ, ಎಂದು ಹೇಳಿ ಮುಗಿಸುತ್ತೇನೆ. ಅಷ್ಟು ಉದ್ದದ ಕತೆಯನ್ನು ಕಂಪೌಂಡಿನ ಮೇಲಿಂದ ಹೇಳಲು ಆಗುವುದಿಲ್ಲ.

ಹೋದ ತಿಂಗಳು ಆ ವಾಸನೆಯ ಎದುರಿಗೇ ಹೋಗಿ ನಿಲ್ಲಬೇಕಾಯಿತು. ನಾನೀಗ ಗರಗದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಸ್ಮಾರ್ಟ್ ಟೀವಿ, ಟ್ಯಾಬ್ ಇಟ್ಟುಕೊಂಡು ಪ್ರಾಜೆಕ್ಟ್ ಮಾಡಿಸಿ ಪಾಠ ಕಲಿಸುವುದು ಹೇಗೆ ಎಂದು ಮೇಷ್ಟ್ರುಗಳಿಗೆ ಒಂದು ತರಬೇತಿ. ಅದರ ಮಾದರಿ ಪಾಠ ನೋಡಲು ಇಂಥ ಶಾಲೆಗೆ ಬರಬೇಕು ಎಂದು ಆದೇಶ ಬಂತು. ಶಾಲೆಯ ಹೆಸರು ಓದಿದವಳೇ ಕೂತಲ್ಲೇ ಕೂತೆ. ಹುಬ್ಬಳ್ಳಿ ತಾಲೂಕಿನ ಶಿರಗುಪ್ಪಿಯ ಆಚೆ ಕಪ್ಪು ಎರೆಹೊಲಗಳ ನಡುವೆ ಇರುವ ಊರು ಅದು. ಊರಿನ ಹೆಸರು ನಾನು ಬರೆಯುವುದಿಲ್ಲ, ಅಲ್ಲಿಯ ಜನಕ್ಕೆ ಆದದ್ದೇ ಸಾಕಾಗಿದೆ. ಕೆಲವು ವರ್ಷಗಳ ಹಿಂದೆ ನಾನು ಅದೇ ಶಾಲೆಯಲ್ಲಿದ್ದೆ. ನನ್ನ ವಿದ್ಯಾರ್ಥಿನಿ ಸುಮಂಗಲಾ ಗೋಡೆ ಬಿದ್ದು ಸತ್ತದ್ದು ಅಲ್ಲಿಯೇ.

ಆ ವರ್ಷ ಜೂನ್‌ನಲ್ಲಿ ಶಾಲೆ ಸುರುವಾದಾಗ ಮಳೆಯೂ ಸುರುವಾಗಿತ್ತು. ಎರೆ ಮಣ್ಣಿನ ಸಂಗತಿ ಧಾರವಾಡದ ಕೆಂಪು ಮಣ್ಣಿನಲ್ಲಿ ಬೆಳೆದವರಿಗೆ ಹೇಳಿದರೆ ತಿಳಿಯುವುದಿಲ್ಲ. ಮಳೆ ಬಿದ್ದರೆ ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಒಂದೊಂದು ಕಲ್ಲಿನಷ್ಟು ಭಾರವಾಗುತ್ತದೆ. ಬೇಸಿಗೆ ಬಂದರೆ ಅದೇ ನೆಲ ಬಾಯಿ ಬಿಟ್ಟು ಚಪ್ಪಲಿಯನ್ನೇ ನುಂಗುತ್ತದೆ. ಮಣ್ಣು ನೀರು ಕುಡಿದು ಉಬ್ಬಿ, ಒಣಗಿ ಕುಗ್ಗಿದ ಹಾಗೆ ಅದರ ಮೇಲೆ ಕಟ್ಟಿದ ಮನೆ, ಗುಡಿ, ಶಾಲೆ ಎಲ್ಲವೂ ವರ್ಷಕ್ಕೊಮ್ಮೆ ಮೇಲೆದ್ದು ಕೆಳಗಿಳಿಯುತ್ತವೆ. ಬಿರುಕಿಲ್ಲದ ಗೋಡೆ ಆ ಊರಿನಲ್ಲಿ ನಾನಂತೂ ಕಾಣಲಿಲ್ಲ. ನಮ್ಮ ಶಾಲೆಯಂತೂ ಊರಿನ ತಗ್ಗಿನಲ್ಲಿತ್ತು, ಊರ ನೀರೆಲ್ಲ ಅಲ್ಲಿಗೇ ಬರುತ್ತಿತ್ತು.

ಅಂಥ ಜಾಗದಲ್ಲಿ ಕೂತು ನಾನು ಮಣ್ಣಿನ ಪಾಠ ಹೇಗೆ ಮಾಡುತ್ತಿದ್ದೆ ಗೊತ್ತೇ? ಪುಸ್ತಕ ತೆಗೆಸುವುದು, ಓದಿಸುವುದು, ಗೆರೆ ಹೊಡೆಸುವುದು, "ಕಪ್ಪು ಮಣ್ಣಿನ ಲಕ್ಷಣಗಳು" ಎಂದು ಬರೆಸಿ ಉರು ಹೊಡೆಸುವುದು. ಕಪ್ಪು ಮಣ್ಣು ಮೆತ್ತಿದ ಕಾಲುಗಳನ್ನು ಬೆಂಚಿನ ಕೆಳಗೆ ಮಡಚಿಕೊಂಡು ಮಕ್ಕಳು ರಾಗವಾಗಿ ಒದರುತ್ತಿದ್ದವು. ಪರೀಕ್ಷೆಯಲ್ಲಿ ಅರ್ಧ ಮಕ್ಕಳು ಅದನ್ನೂ ತಪ್ಪು ಬರೆಯುತ್ತಿದ್ದವು.

ಜುಲೈ ಸುಮಾರಿಗೆ ಕಾರ್ತಿಕ್ ಬಂದ. ಶಾಲೆಗಳಿಗೆ ಟೀವಿ, ಟ್ಯಾಬ್ ಕೊಟ್ಟು ಪ್ರಾಜೆಕ್ಟ್ ಮಾಡಿಸುವ ಒಂದು ಸಂಸ್ಥೆಯ ಹುಡುಗ, ಮೈಸೂರು ಕಡೆಯವನು. ಪ್ರತಿ ವರ್ಷ ಯಾರಾದರೂ ಬಂದು ನಮಗೆ ಪಾಠ ಮಾಡುವುದನ್ನು ಕಲಿಸಿ ಹೋಗುತ್ತಾರೆ, ನಾವು ಚಹಾ ಕುಡಿಸಿ ಕಳಿಸುತ್ತೇವೆ. ಇವನೂ ಹಾಗೆಯೇ ಎಂದುಕೊಂಡಿದ್ದೆ. ಇವನು ಹೋಗಲಿಲ್ಲ. ರಾಡಿ ತುಳಿದುಕೊಂಡು ವಾರ ವಾರ ಬಂದ. ಒಂಬತ್ತನೆಯ ಇಯತ್ತೆಯ ಮಕ್ಕಳನ್ನು ದುಂಡಗೆ ನೆಲದ ಮೇಲೆ ಕೂಡಿಸಿ, "ನಿಮ್ ಶಾಲೆಯಲ್ಲಿ ನಿಮಗೆ ಏನು ತೊಂದ್ರೆ ಆಗ್ತಿದೆ, ಹೇಳಿ" ಎಂದ. ಮಕ್ಕಳು ನನ್ನ ಮುಖ ನೋಡಿದವು. ನಾನು ಬಾಯಿ ತೆರೆದೆ. ಅವನು ಮೆಲ್ಲಗೆ, "ಮೇಡಂ, ನೀವು ಉತ್ತರ ಹೇಳ್ಬೇಡಿ. ಸುಮ್ನಿರಿ ಸ್ವಲ್ಪ" ಎಂದ. ನನ್ನ ತರಗತಿಯಲ್ಲಿ ನನಗೇ ಸುಮ್ಮನಿರು ಅನ್ನುತ್ತಾನಲ್ಲ ಎಂದು ಮೈ ಉರಿಯಿತು. ಆದರೂ ಸುಮ್ಮನಿದ್ದೆ.

ಆಮೇಲೆ ಹಿಂದಿನಿಂದ ಒಂದು ದನಿ ಬಂತು. "ಸರ, ಆ ಗ್ವಾಡ್ಯಾಗ ಚೇಳ ಬರ್ತಾವ್ರಿ."

ಎಲ್ಲರೂ ಗೊಳ್ಳೆಂದು ನಕ್ಕರು. ಹೇಳಿದವಳು ಸುಮಂಗಲಾ. ನಮ್ಮಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಶಾಂತವ್ವನ ಮಗಳು. ತಂದೆ ಇರಲಿಲ್ಲ. ತಾಯಿಯ ಜೊತೆ ಪಾತ್ರೆ ತೊಳೆದು, ಒದ್ದೆಯಾದ ಲಂಗದಲ್ಲೇ ತರಗತಿಗೆ ಬರುತ್ತಿದ್ದಳು. ಓದಿನಲ್ಲಿ ಹಿಂದೆ. "ದಡ್ಡಿ" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಎಂದೋ ತೀರ್ಮಾನ ಮಾಡಿಬಿಟ್ಟಿದ್ದೆವು. ಅವಳು ತೋರಿಸಿದ್ದು ತರಗತಿಯ ಹಿಂಬದಿಯ ಗೋಡೆಯ ಬಿರುಕು. ಮೂಲೆಯಿಂದ ಹೊರಟು ಓರೆಯಾಗಿ ಮೇಲಕ್ಕೆ ಹತ್ತಿತ್ತು.

"ಬ್ಯಾಸಗ್ಯಾಗ ಕೈ ಹೊಗತೈತ್ರಿ ಅದರಾಗ. ಮಳಿ ಬಿದ್ದಮ್ಯಾಲ ಮುಚ್ಚಕೋತೈತಿ," ಎಂದಳು.

"ಯಾಕೆ ಮುಚ್ಕೊಳ್ಳುತ್ತೆ?" ಎಂದು ಕಾರ್ತಿಕ್ ಕೇಳಿದ. ಅಷ್ಟೇ. ಆ ಒಂದು ಪ್ರಶ್ನೆಯ ಹಿಂದೆ ಮಕ್ಕಳು ಆ ಮಳೆಗಾಲವೆಲ್ಲ ಓಡಿದವು.

ನಾನು ಇಷ್ಟು ವರ್ಷ ಕಲಿಸಿದ್ದಕ್ಕಿಂತ ಹೆಚ್ಚನ್ನು ಆ ಕೆಲವು ವಾರಗಳಲ್ಲಿ ಅವು ಕಲಿತವು. ಎರೆ ಮಣ್ಣನ್ನು ತಾಟಿನಲ್ಲಿ ಮೆತ್ತಿ ಒಣಗಿಸಿದವು, ನೀರು ಹನಿಸಿದವು, ಉಬ್ಬಿದ್ದನ್ನು ಸ್ಕೇಲು ಹಿಡಿದು ಅಳೆದವು. ಧಾರವಾಡದಿಂದ ನಾನು ಒಂದು ಚೀಲ ಕೆಂಪು ಮಣ್ಣು ಹೊತ್ತು ತಂದೆ. ಬಸ್ಸಿನ ಕಂಡಕ್ಟರ್, "ಏನ್ರಿ ಅಕ್ಕೋರ, ಮನಿ ಕಟ್ಟಾಕತ್ತೀರೇನು?" ಎಂದು ನಕ್ಕ. ಬಿರುಕಿಗೆ ಅಡ್ಡಲಾಗಿ ಕಾಗದದ ಪಟ್ಟಿಗಳನ್ನು ಅಂಟಿಸಿದವು. ಗೋಡೆ ಅಲುಗಿದರೆ ಪಟ್ಟಿ ಹರಿಯಬೇಕು. ದಿನಾ ಪ್ರಾರ್ಥನೆಗೆ ಮುಂಚೆ ಒಬ್ಬರು ಹೋಗಿ, ಪಕ್ಕದಲ್ಲಿ ಸ್ಕೇಲು ಹಿಡಿದು, ಟ್ಯಾಬಿನಲ್ಲಿ ಫೋಟೋ ತೆಗೆಯಬೇಕು. ಬಿಸಿಲು ಬಿದ್ದ ಮೇಲೆ ಅಳತೆ ಬೇರೆ ಬರುತ್ತದೆ, ಬೆಳಿಗ್ಗೆಯೇ ಆಗಬೇಕು ಎಂದು ಅವೇ ಗೊತ್ತು ಮಾಡಿಕೊಂಡವು.

ಬೇರೆ ಮಕ್ಕಳ ಪಾಳಿ ತಪ್ಪುತ್ತಿತ್ತು. ಸುಮಂಗಲಾಳದು ಒಂದು ದಿನವೂ ತಪ್ಪಲಿಲ್ಲ. ಬೇರೆಯವರು ಬಾರದಿದ್ದರೆ ಅದನ್ನೂ ಇವಳೇ ಮಾಡುತ್ತಿದ್ದಳು. ತಾಯಿ ಒಲೆ ಹಚ್ಚಲು ಬರುವಾಗ ಜೊತೆಗೇ ಬರುತ್ತಿದ್ದಳಲ್ಲ. "ಅಕ್ಕೋರ, ನನಗ ಬಾಯಿಪಾಠ ಬರಂಗಿಲ್ರಿ. ಅಳಿಯಾಕ ಬರತೈತಿ," ಎಂದಳು ಒಮ್ಮೆ. ಹೇಳುವಾಗ ಮುಖದಲ್ಲಿ ಅದೇನು ಹೊಳಪು! ನನ್ನ ಕಣ್ಣಿಗೆ ನೀರು ಬಂತು. ನಮ್ಮ ಪರೀಕ್ಷೆಯಲ್ಲಿ ಅಳೆಯಲು ಬರುವವರಿಗೆ ಅಂಕವಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು?

ಆಗಸ್ಟ್ ಮುಗಿಯುವ ಹೊತ್ತಿಗೆ ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. "ಅಕ್ಕೋರ, ಮಳಿ ಇಷ್ಟ ಬಿದ್ದೈತಿ. ಸೀಳು ಮುಚ್ಚಬೇಕಿತ್ತು. ಈ ವರ್ಷ ಯಾಕ ಮುಚ್ಚವಲ್ದು?"

ಹೋಗಿ ನೋಡಿದೆ. ಮುಚ್ಚುವುದು ಅತ್ತಲಾಗಿರಲಿ, ಮೇಲ್ಗಡೆ ಅಗಲವಾಗಿತ್ತು. ಮಕ್ಕಳು ದಾರಕ್ಕೆ ಕಲ್ಲು ಕಟ್ಟಿ ಗೋಡೆಯ ತುದಿಯಿಂದ ಹೊರಗೆ ಇಳಿಬಿಟ್ಟರು. ಕಲ್ಲು ಗೋಡೆಗೆ ತಾಗದೆ ದೂರ ನಿಂತಿತು. ಗೋಡೆ ಹೊರಕ್ಕೆ ವಾಲಿತ್ತು. ಕಾರಣವನ್ನೂ ಅವೇ ಹುಡುಕಿದವು. ಊಟದ ತಾಟು ತೊಳೆದ ನೀರು, ಮಾಳಿಗೆಯ ನೀರು ಎರಡೂ ಹಿಂದುಗಡೆ ಗೋಡೆಯ ಬುಡದಲ್ಲೇ ನಿಲ್ಲುತ್ತಿದ್ದವು. ಒಂದು ಕಾಲುವೆ ತೋಡಿದರೆ ನೀರು ಹೊರಗೆ ಹೋಗುತ್ತದೆ ಎಂದು ಹುಡುಗರು ಸಲಿಕೆ ತಂದೇಬಿಟ್ಟರು. ಹೆಡ್‌ಮಾಸ್ತರು ಅಂಗಡಿ ಸರ್ ಓಡಿ ಬಂದು ತಡೆದರು. "ಸರಕಾರಿ ಕಟ್ಟಡದ ಬುಡಕ್ಕ ನಾವು ಸಲಿಕಿ ಹಚ್ಚೂಹಂಗಿಲ್ರಿ. ನಾಳೆ ಏನರೆ ಆದ್ರ, ಮಾಸ್ತರ ಅಡಿಪಾಯ ಅಗದಾನ ಅಂತ ನನ್ನ ಕೊಳ್ಳಿಗೆ ಬರತೈತಿ. ಮ್ಯಾಲಿನವರಿಗೆ ಬರೀತೇನಿ, ತಡೀರಿ." ಬರೆದರು. ಅದರಲ್ಲಿ ಸುಳ್ಳಿಲ್ಲ.

"ಅಕ್ಕೋರ, ಅಳದು ತೋರಿಸಿದ್ರ ರಿಪೇರಿ ಮಾಡ್ತಾರೇನ್ರಿ?" ಎಂದು ಸುಮಂಗಲಾ ಅವತ್ತು ಕೇಳಿದಳು.

"ಯಾಕ ಮಾಡೂದಿಲ್ಲ? ಬರೇ ಬಾಯಿಮಾತ ಆದ್ರ ಯಾರೂ ಕೇಳೂದಿಲ್ಲ. ನೀವು ಅಳತಿ ಇಟ್ಟೀರಿ, ಫೋಟೋ ಅವ. ಮಾಡ್ಲಿಕ್ಕೇಬೇಕು," ಎಂದೆ. ನಾನು ಅದನ್ನು ಮನಸಾರೆ ನಂಬಿ ಹೇಳಿದ್ದೆ. ವಿಜ್ಞಾನದ ಟೀಚರ್ ಮತ್ತೇನು ನಂಬಬೇಕು, ಹೇಳಿ.

ಸೆಪ್ಟೆಂಬರ್‌ನಲ್ಲಿ ಟೀವಿ ಬಂತು. ಬಾಗಿಲಿನಷ್ಟು ಅಗಲ, ನಾಲ್ಕು ಮಂದಿ ಹಿಡಿದು ಇಳಿಸಿದರು. ಊರಿಗೆ ಊರೇ ನೋಡಲು ಬಂತು. ಉದ್ಘಾಟನೆಗೆ ದೊಡ್ಡವರು ಬರುತ್ತಾರೆಂದು ಅಂಗಡಿ ಸರ್ ಬಣ್ಣದವರನ್ನು ಕರೆಸಿದರು. ಮರುದಿನ ನಾನು ಹೋಗುವ ಹೊತ್ತಿಗೆ ಒಂಬತ್ತನೆಯ ತರಗತಿಯ ಗೋಡೆಯಲ್ಲಿ ಬಿರುಕೇ ಇರಲಿಲ್ಲ. ಮಕ್ಕಳ ಪಟ್ಟಿಗಳನ್ನು ಕೆರೆದು ಹಾಕಿ, ಬಿರುಕಿನ ತುಂಬ ಪುಟ್ಟಿ ಮೆತ್ತಿ, ಮೇಲೆ ತಿಳಿನೀಲಿ ಡಿಸ್ಟೆಂಪರ್ ಬಳಿದಿದ್ದರು. ಕೋಣೆಯೆಲ್ಲ ಆ ವಾಸನೆ. ಟೀವಿಗೆ ಮೊಳೆ ಹೊಡೆಯಲು ಅದೇ ಗೋಡೆಗೆ ಗುರುತು ಮಾಡುತ್ತಿದ್ದರು.

ನಾನು ಕೂಗಾಡಿದೆ. "ಸರ, ಎಲ್ಲಾ ಬಿಟ್ಟು ಈ ಗ್ವಾಡಿಗೆ ಟೀವಿ ಹಚ್ತೀರಲ್ರಿ! ಮಕ್ಕಳು ಎರಡು ತಿಂಗಳಿಂದ ಏನು ಅಳೀಲಿಕ್ಕತ್ತಾವ, ನಿಮಗ ಗೊತ್ತಿಲ್ಲೇನು?"

ಅಂಗಡಿ ಸರ್ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು. "ಮತ್ತೆಲ್ಲಿ ಹಚ್ಚಲ್ರಿ ಕುಲಕರ್ಣಿ ಟೀಚರ? ಈ ಖೋಲ್ಯಾಗ ಉಳಿದ ಗ್ವಾಡಿಗೆ ಬೋರ್ಡು, ಬಾಗಲಾ, ಕಿಡಕಿ ಅವ. ಇದೊಂದ ಖೋಲಿ ಬಿಟ್ರ ಉಳಿದೂವೆಲ್ಲಾ ಸೋರತಾವು. ಟೀವಿಗೆ ಛತ್ರಿ ಹಿಡಕೊಂಡು ನಾ ನಿಂದ್ರಲೇನು? ಬ್ಯಾರೆ ಸಾಲಿಗೆ ಹೋಗೂದನ್ನ ಕೈಕಾಲ ಹಿಡದು ತಂದೇನಿ. ಉದ್ಘಾಟನಿ ಒಂದ ಆಗಲಿ, ಆಮ್ಯಾಲ ನಾನs ಬೆನ್ನ ಹತ್ತಿ ಮಾಡಸ್ತೇನಿ." ಅವರು ಕೆಟ್ಟವರಲ್ಲ. ಶಾಲೆಗೆ ಒಂದು ಒಳ್ಳೆಯ ವಸ್ತು ಬರಲಿ ಎಂದು ಕಂಡ ಕಂಡವರ ಮುಂದೆ ನಿಂತ ಮನುಷ್ಯ. ಸುಡಲಿ, ಕೆಟ್ಟವರಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಉದ್ಘಾಟನೆಯ ದಿನ ಆದದ್ದನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ಕೋಣೆ ತುಂಬ ಜನ, ಶಾಲು, ಹಾರ. ಮಕ್ಕಳು ಏನು ಕಲಿತಿದ್ದಾವೆ ತೋರಿಸಲಿ ಎಂದು ನಮ್ಮ ಪ್ರಾಜೆಕ್ಟನ್ನೇ ಇಟ್ಟಿದ್ದರು. ಸುಮಂಗಲಾ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ, ಎರಡು ಜಡೆ ಹಾಕಿಕೊಂಡು ಟೀವಿಯ ಪಕ್ಕ ನಿಂತಳು. ಒಂದೊಂದೇ ಫೋಟೋ ಬಂತು. ಜುಲೈನ ಬಿರುಕು, ಆಗಸ್ಟ್‌ನ ಬಿರುಕು, ಹರಿದ ಪಟ್ಟಿ, ವಾಲಿದ ಗೋಡೆಗೆ ಇಳಿಬಿಟ್ಟ ದಾರ. ಒಂದೂ ತೊದಲದೆ ಹೇಳಿದಳು. ಅಡುಗೆಕೋಣೆಯ ಬಾಗಿಲಲ್ಲಿ ಶಾಂತವ್ವ ಸೆರಗು ಬಾಯಿಗೆ ಹಿಡಿದುಕೊಂಡು ನಿಂತಿದ್ದಳು. ಕೊನೆಗೆ ಅತಿಥಿಗಳಲ್ಲಿ ಒಬ್ಬರು, "ಭಾಳ ಛಲೋ ಹೇಳಿದಿ ಮಗಳ. ಈ ಗ್ವಾಡಿ ಎಲ್ಲೈತಿ?" ಎಂದು ಕೇಳಿದರು.

ಸುಮಂಗಲಾ ಕೈ ತೋರಿಸಿದಳು. "ಈ ಟೀವಿ ಹಿಂದ ಐತ್ರಿ."

ಕೋಣೆಯೆಲ್ಲ ನಕ್ಕಿತು. ಏನು ಚುರುಕು ಹುಡುಗಿ, ಏನು ಸಮಯಪ್ರಜ್ಞೆ ಎಂದು ಚಪ್ಪಾಳೆ ಹೊಡೆದರು. ಆ ಅತಿಥಿ ಎದ್ದು ಬಂದು ತಮ್ಮ ಶಾಲನ್ನೇ ತೆಗೆದು ಅವಳಿಗೆ ಹೊದಿಸಿದರು. ಅವಳು ಶಾಲಿನೊಳಗಿಂದಲೇ, "ಖರೇ ಐತ್ರಿ ಸರ, ನೋಡ್ರಿ," ಎಂದಳು. ಆ ಹೊತ್ತಿಗೆ ಎಲ್ಲರೂ ಫೋಟೋಕ್ಕೆ ನಿಂತಿದ್ದರು. ನಾನು ಮುಂದೆ ನುಗ್ಗಿ, "ಸರ, ಹುಡುಗಿ ಚೇಷ್ಟಿ ಮಾಡ್ಲಿಕ್ಕತ್ತಿಲ್ಲ, ಗ್ವಾಡಿ ಖರೇನs ವಾಲೇದ" ಎಂದೆ. "ಹೌದ್ರಿ ಮೇಡಂ, ನಿಮ್ಮ ಮಾರ್ಗದರ್ಶನ ಭಾಳ ಛಂದ ಐತಿ" ಎಂದರು. ಊಟಕ್ಕೆ ಹೊತ್ತಾಗಿತ್ತು.

ಆ ಸಂಜೆ ಹಾರದ ಹೂ ಗುಡಿಸುತ್ತಿದ್ದ ಸುಮಂಗಲಾ ನನ್ನ ಹತ್ತಿರ ಬಂದಳು. "ಅಕ್ಕೋರ, ಅವರೆಲ್ಲಾ ಯಾಕ ನಕ್ಕರ್ರಿ?" ನಾನು ಅವಳ ಕೈಯಿಂದ ಕಸಬರಿಗೆ ಇಸಿದುಕೊಂಡು ಉಳಿದ ಹೂ ಗುಡಿಸಿದೆ. ಆಮೇಲೆ ಜಿಲ್ಲಾ ಸ್ಪರ್ಧೆಗೆ ಧಾರವಾಡಕ್ಕೆ ಹೋದೆವು. ಅಲ್ಲಿ ಮೊದಲ ಬಹುಮಾನ ಬಂತು. ತೀರ್ಪುಗಾರರು ಅಕ್ಷರ ಚೆನ್ನಾಗಿದೆ, ಚಿತ್ರ ಚೆನ್ನಾಗಿದೆ, ಮಾತು ಚೆನ್ನಾಗಿದೆ ಎಂದರು. ಆ ಗೋಡೆಯ ಕೆಳಗೆ ಈಗಲೂ ಮಕ್ಕಳು ಕೂತಿದ್ದಾರೆಯೇ ಎಂದು ಕೇಳಿದವರು ಒಬ್ಬರೂ ಇಲ್ಲ. ನಮ್ಮವರಿಗೆ ಪ್ರಾಜೆಕ್ಟ್ ಅಂದರೆ ಥರ್ಮಾಕೋಲು. ನೋಡುವುದು, ಹೊಗಳುವುದು, ಅಟ್ಟಕ್ಕೆ ಹಾಕುವುದು.

ಅವತ್ತು ಕೊನೆಯ ಬಸ್ಸು ತಪ್ಪಿ ಸುಮಂಗಲಾ ನಮ್ಮ ಮನೆಯಲ್ಲಿ ಉಳಿದಳು. ಊಟವಾದ ಮೇಲೆ ನೋಡಿದರೆ ಪಡಸಾಲೆಯ ಗೋಡೆಯ ಮೇಲೆ ಅಂಗೈ ಇಟ್ಟು ಸವರುತ್ತಿದ್ದಾಳೆ. "ನಿಮ್ಮ ಗ್ವಾಡಿ ಭಾಳ ಛಲೋ ಅದಾವ್ರಿ ಅಕ್ಕೋರ. ಕೆಂಪ ಮಣ್ಣ ನೋಡ್ರಿ, ಅದಕ್ಕ." ಮುಂದೆ ಏನಾಗುತ್ತೀ ಎಂದು ಕೇಳಿದೆ. "ಅಳಿಯೂ ನೌಕರಿ ಯಾವುದರ ಐತೇನ್ರಿ?" ಎಂದಳು. ಇದೆ, ಬೇಕಾದಷ್ಟಿವೆ, ಮೊದಲು ಹತ್ತನೆಯದು ಪಾಸಾಗು, ನಾನು ಓದಿಸುತ್ತೇನೆ ಎಂದೆ. ಹಾಸಿಗೆಯಲ್ಲಿ ಬಹಳ ಹೊತ್ತು ತಾನೇ ನಗುತ್ತಿದ್ದಳು.

ಕೊನೆಗೂ ಒಬ್ಬ ಎಂಜಿನಿಯರು ಬಂದರು. ಸುಳ್ಳೇಕೆ ಹೇಳಲಿ, ಅವರನ್ನು ಕಂಡು ನಾನು ಕೈ ಮುಗಿದೆ. ಕೋಣೆಗೆ ಬಂದು ಗೋಡೆ ನೋಡಿದರು. "ಗ್ವಾಡಿ ಛಲೋ ಐತಲ್ರಿ. ಈಗಷ್ಟs ಬಣ್ಣ ಹಚ್ಚೀರಿ." ಮಕ್ಕಳು ಫೋಟೋ ತೋರಿಸಿದವು. "ಇವು ಬಣ್ಣ ಹಚ್ಚೂಕಿಂತ ಮೊದಲಿನವು," ಎಂದರು. ಹಿಂದುಗಡೆ ಹೊರಗೋಡೆಗೆ ಹೊಸ ಪಟ್ಟಿ ಅಂಟಿಸಿದ್ದೇವೆ, ಅಲ್ಲಿ ಬಣ್ಣವಿಲ್ಲ, ಬಂದು ನೋಡಿ ಎಂದು ಸುಮಂಗಲಾ ಕರೆದಳು. ಅವರು ಮೂಲೆಯವರೆಗೆ ಬಂದರು. ಅಲ್ಲಿಂದಾಚೆ ಕಣಕಾಲು ಮುಳುಗುವ ಎರೆ ರಾಡಿ. ತಮ್ಮ ಬೂಟು ನೋಡಿಕೊಂಡರು. "ಮಳಿ ನಿಂತಮ್ಯಾಲ ಬರ್ತೇನ್ರಿ, ಈಗ ಏನೂ ತಿಳಿಯೂದಿಲ್ಲ," ಎಂದು ಜೀಪು ಹತ್ತಿದರು. ಚಹಾ ಕೂಡ ಕುಡಿಯಲಿಲ್ಲ.

ಮಳೆ ನಿಲ್ಲಲಿಲ್ಲ. ಹಿಂಗಾರಿ ಆ ವರ್ಷ ಹೊಲದಲ್ಲಿದ್ದ ಹತ್ತಿಯನ್ನೂ ಕೊಳೆಸಿತು. ನಾನು ತರಗತಿಯನ್ನು ವರಾಂಡಕ್ಕೆ ಹಾಕಿದೆ. ಟೀವಿ ಉಪಯೋಗಿಸುತ್ತಿಲ್ಲ ಎಂದು ವರದಿ ಹೋಗುತ್ತದೆ ಎಂದು ಅಂಗಡಿ ಸರ್ ಮತ್ತೆ ಒಳಗೆ ಕಳಿಸಿದರು. ನಾನು ಮತ್ತೆ ಹೊರಗೆ ತಂದೆ. ಹೀಗೆ ಜಗ್ಗಾಡಿದೆವು. ಗೋಡೆಯ ಹಿಂದೆ ಹೋಗಬೇಡಿ, ಅಳೆದದ್ದು ಸಾಕು ಎಂದು ಮಕ್ಕಳಿಗೆ ಹೇಳಿದೆ. ಉಳಿದವರು ಕೇಳಿದರು. "ಎಂಜಿನಿಯರ ಸಾಹೇಬ್ರು ಮತ್ತ ಬರ್ತೇನಿ ಅಂದಾರಲ್ರಿ. ಹೊಸಾ ಫೋಟೋ ಇಲ್ಲಂದ್ರ ಮತ್ತ ಹಳೇವು ಅಂತಾರ," ಎಂದಳು ಸುಮಂಗಲಾ. ಅದನ್ನು ಅವಳು ಮೊಂಡುತನದಿಂದ ಹೇಳಲಿಲ್ಲ. ಸಾಹೇಬರ ಮಾತನ್ನು ನಂಬಿ ಹೇಳಿದಳು.

ಮುಂದೊಂದು ದಿನ ಬೆಳಿಗ್ಗೆ ಬಸ್ಸಿಳಿದಾಗ ಶಾಲೆಯ ಕಡೆ ಜನ ಓಡುತ್ತಿದ್ದರು. ಒಂಬತ್ತನೆಯ ತರಗತಿಯ ಹಿಂಗೋಡೆ ಟೀವಿ ಸಮೇತ ಹೊರಕ್ಕೆ ಮಲಗಿತ್ತು. ಒಳಗೆ ಬೆಂಚುಗಳು ಖಾಲಿ, ಇನ್ನೂ ಪ್ರಾರ್ಥನೆಯ ಗಂಟೆ ಹೊಡೆದಿರಲಿಲ್ಲ. ಒಳಗಿದ್ದರೆ ಅಷ್ಟೂ ಮಕ್ಕಳು ಬದುಕುತ್ತಿದ್ದವೋ ಏನೋ, ಗೋಡೆ ಬಿದ್ದದ್ದು ಹೊರಗೆ. ಹೊರಗೆ ಇದ್ದವಳು ಒಬ್ಬಳೇ. ಅಡುಗೆಕೋಣೆಯಿಂದ ಓಡಿ ಬಂದ ಶಾಂತವ್ವ ಬರಿಗೈಯಿಂದ ಕಲ್ಲು ಎತ್ತಿ ಎತ್ತಿ ಹಾಕುತ್ತಿದ್ದಳು. ಅವಳ ಕೈಯಲ್ಲಿ ಇನ್ನೂ ಬೂದಿ ಇತ್ತು. ಹುಬ್ಬಳ್ಳಿ ದವಾಖಾನೆಗೆ ಒಯ್ಯುವ ದಾರಿಯಲ್ಲೇ ಸುಮಂಗಲಾ ಹೋದಳು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಇಷ್ಟಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ವಿಚಾರಣೆಗೆ ಬಂದವರು ಕೇಳಿದ್ದು ಒಂದೇ ಪ್ರಶ್ನೆ: ಹುಡುಗಿ ಅಲ್ಲಿಗೆ ಯಾಕೆ ಹೋದಳು? ಯಾರು ಕಳಿಸಿದರು? ಗೋಡೆ ಯಾಕೆ ಬಿತ್ತು ಎಂದು ಕೇಳಲಿಲ್ಲ. ಮಳೆ ಎಂದು ಬರೆದುಕೊಂಡರು. ನನಗೆ ನೋಟಿಸು ಬಂತು. ಇನ್ನು ಮುಂದೆ ಮಕ್ಕಳನ್ನು ತರಗತಿಯ ಹೊರಗೆ ಬಿಟ್ಟು ಪ್ರಾಜೆಕ್ಟ್ ಮಾಡಿಸಬಾರದು, ಕೊಟ್ಟ ವಿಷಯಗಳಲ್ಲಿ ಒಂದನ್ನು ಆರಿಸಬೇಕು ಎಂದು ಎಲ್ಲ ಶಾಲೆಗೂ ತಿಳಿಸಿದರು. ಆ ವಿಷಯಗಳಲ್ಲಿ ಮೊದಲನೆಯದು ಜ್ವಾಲಾಮುಖಿ. ಸೋಡಾಪುಡಿ ಹಾಕಿ ನೊರೆ ಉಕ್ಕಿಸುವುದು. ನಮ್ಮ ಹುಬ್ಬಳ್ಳಿ ತಾಲೂಕಿನಲ್ಲಿ ಜ್ವಾಲಾಮುಖಿ! ನಕ್ಕುಬಿಟ್ಟೆ, ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಕಾರ್ತಿಕ್ ಕೆಲಸ ಬಿಟ್ಟ. ಹೋಗುವ ಮುಂದೆ ನಮ್ಮ ಮನೆಗೆ ಬಂದು ಹೋದ. ಪ್ರಶ್ನೆ ಕೇಳಲು ಕಲಿಸಿದ್ದು ತಪ್ಪೆಂದು ನಾನು ಅವನಿಗೆ ಹೇಳಲಿಲ್ಲ. ತಪ್ಪೆಂದು ಇವತ್ತೂ ಅನ್ನುವುದಿಲ್ಲ.

ವರ್ಗವಾಗಿ ಹೊರಡುವ ಮೊದಲು ಶಾಂತವ್ವನ ಮನೆಗೆ ಹೋದೆ. ಬೈಯಲಿ, ಹೊಡೆಯಲಿ ಎಂದು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಅವಳು ಚಾಪೆ ಹಾಸಿದಳು, ನೀರು ಕೊಟ್ಟಳು. ಎದುರಿಗೆ ಕೂತು ಕೇಳಿದಳು.

"ಅಕ್ಕೋರ, ನನ್ನ ಮಗಳು ಛಲೋ ಅಳದಿದ್ಲೇನ್ರಿ? ಆಕಿ ಅಳತಿ ಖರೇ ಇತ್ತೇನು?"

"ಖರೇ ಇತ್ತು ಶಾಂತವ್ವಾ. ಕೂದಲೆಳಿಯಷ್ಟೂ ತಪ್ಪಿರಲಿಲ್ಲ."

"ಅಷ್ಟ ಸಾಕ್ರಿ," ಎಂದಳು.

ಹೋದ ತಿಂಗಳು ಹೋದದ್ದು ಇದೇ ಶಾಲೆಗೆ. ಬಿದ್ದ ಕೋಣೆ ಇದ್ದ ಜಾಗದಲ್ಲೇ ಹೊಸ ಕೋಣೆ ಎದ್ದಿದೆ, ಅದೇ ತಗ್ಗು, ಅದೇ ಎರೆ. ಅಂಗಡಿ ಸರ್ ನಿವೃತ್ತರಾಗಿದ್ದಾರೆ. ನಾವು ಬರುತ್ತೇವೆಂದು ಬಣ್ಣ ಹಚ್ಚಿಸಿದ್ದರು, ಗೇಟಿನಲ್ಲೇ ಆ ವಾಸನೆ ಬಡಿಯಿತು. ಒಳಗೆ ಮೊದಲಿನದಕ್ಕಿಂತ ದೊಡ್ಡ ಟೀವಿ. ಮಕ್ಕಳು ಮುಂದೆ, ತರಬೇತಿಗೆ ಬಂದ ಮೇಷ್ಟ್ರುಗಳು ಹಿಂದೆ. ಟೀವಿಯಲ್ಲಿ ಕೆಂಪಗೆ ಜ್ವಾಲಾಮುಖಿ ಉಕ್ಕುತ್ತಿತ್ತು. ನನಗೆ ಕೂಡಲು ಆಗಲಿಲ್ಲ, ನೀರಿನ ನೆಪ ಮಾಡಿ ಹೊರಗೆ ಬಂದೆ.

ಅಡುಗೆಕೋಣೆಯ ಬಾಗಿಲಲ್ಲಿ ಶಾಂತವ್ವ ನಿಂತಿದ್ದಳು. ಕೂದಲು ಪೂರ್ತಿ ನರೆತಿದೆ. ನನ್ನನ್ನು ಗುರುತಿಸಲು ಹತ್ತಿರ ಬಂದು ಮುಖ ನೋಡಬೇಕಾಯಿತು. ಹೇಗಿದ್ದೀರಿ, ಏನು ಎಂದು ಕೇಳಲೇ ಇಲ್ಲ. "ಬರ್ರಿ ಅಕ್ಕೋರ, ನಿಮ್ಮ ಹಾದೀನs ಕಾಯಾಕತ್ತಿದ್ನಿ," ಎಂದು ಕೈ ಹಿಡಿದು ಕೋಣೆಯ ಹಿಂದಕ್ಕೆ ಕರೆದೊಯ್ದಳು. ಮೂಲೆಯಲ್ಲಿ ನಾನು ನಿಂತುಬಿಟ್ಟೆ. ಅವಳು ಬಿಡಲಿಲ್ಲ.

ಹೊಸ ಗೋಡೆಯ ಹೊರಮೈಗೆ, ಮೂಲೆಯಿಂದ ಮೇಲಕ್ಕೆ, ಹಳೆಯ ಕ್ಯಾಲೆಂಡರಿನಿಂದ ಹರಿದ ಪಟ್ಟಿಗಳನ್ನು ಅಂಟಿಸಿದ್ದಳು. ಅನ್ನದ ಗಂಜಿಯಲ್ಲಿ. ಕೆಲವು ಹಳದಿಯಾಗಿದ್ದವು, ಕೆಲವು ಹೊಸವು.

"ಮಗಳು ಹಿಂಗ ಅಂಟಸ್ತಿದ್ಲು. ಹರದ್ರ ಗ್ವಾಡಿ ನಡದೈತಿ ಅಂತ ತಿಳಿ ಯವ್ವಾ ಅಂತಿದ್ಲು. ದಿನಾ ಒಲಿ ಹಚ್ಚೂಕಿಂತ ಮೊದಲ ಬಂದು ನೋಡ್ತೇನ್ರಿ. ಈಗ ಕಣ್ಣ ಮಂಜಾಗ್ಯಾವು. ಇದೊಂದು ಹರದಂಗ ಕಾಣತೈತಿ. ಸಾಲ್ಯಾಗ ಎಲ್ಲಾರಿಗೂ ಹೇಳಿದ್ನಿ. ಶಾಂತವ್ವಾ, ನಿನ್ನ ಕಣ್ಣ ತೋರಿಸ್ಕೋ ಅಂತಾರ. ನೀವs ನೋಡಿ ಹೇಳ್ರಿ."

ಕನ್ನಡಕ ಹಾಕಿಕೊಂಡು ಬಾಗಿದೆ. ಪಟ್ಟಿಯ ನಡುವೆ ಹಾಯ್ದು ಹರಿದಿತ್ತು. ಹಿಂದಿನ ಸಿಮೆಂಟಿನಲ್ಲಿ ಸಣ್ಣ ಗೆರೆ. ಬೆರಳಿಟ್ಟೆ, ಉಗುರು ಒಳಗೆ ಹೋಯಿತು. ಅದರ ಮೇಲಿನ ಪಟ್ಟಿಯೂ ಹರಿದಿತ್ತು.

"ನಿನ್ನ ಕಣ್ಣು ಛಲೋ ಅವ ಶಾಂತವ್ವಾ," ಎಂದೆ.

ಕೋಣೆಗೆ ಹೋದೆ. ಪಾಠ ನಡೆಯುತ್ತಿತ್ತು. "ಎಲ್ಲಾರೂ ಏಳ್ರಿ. ಹೊರಗ ನಡೀರಿ, ಲಗೂ," ಎಂದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ. ತರಬೇತಿ ಕೊಡುವವರು, "ಮೇಡಂ, ಮಾದರಿ ಪಾಠ ನಡದದ" ಎಂದರು. ಹಿಂದೆ ಕೂತ ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿದರು. ಹೊಸ ಹೆಡ್‌ಮಾಸ್ತರು ನನ್ನ ತೋಳು ಹಿಡಿಯಲು ಬಂದರು, ಕೊಡವಿದೆ. ಮಕ್ಕಳು ಮಾತ್ರ ಎದ್ದು ನಿಂತಿದ್ದವು. ಮುಂದಿನ ಬೆಂಚಿನ ಒಬ್ಬ ಹುಡುಗಿ, ಎರಡು ಜಡೆ, ಮುಖದ ತುಂಬ ಖುಷಿ, ಮೇಜಿನ ಮೇಲಿದ್ದ ಟ್ಯಾಬಿಗೆ ಕೈ ಹಾಕಿದಳು.

"ಅಕ್ಕೋರ, ಪ್ರಾಜೆಕ್ಟ್ ಏನ್ರಿ ಇದು? ಟ್ಯಾಬ್ ತಗೊಂಡು ಬರ್ಲೇನ್ರಿ?"

"ಪ್ರಾಜೆಕ್ಟ್ ಅಲ್ಲವಾ, ಗ್ವಾಡಿ," ಎಂದೆ. "ಟ್ಯಾಬ್ ಅಲ್ಲೇ ಇರ್ಲಿ. ಮೊದಲ ನೀ ನಡಿ."